ಎರಡು ಸಲ ಹಾಡುವ ಸಾಲು

ಮೊದಲ ಸಲ ಹೋಗಿದ್ದ ಧಾರವಾಡದ ಮಾಳಮಡ್ಡಿಯ ಚರ್ಚೊಂದರಲ್ಲಿ ಭಾನುವಾರ ಬೆಳಿಗ್ಗೆ, ಬಾಲ್ಯದಿಂದ ಬಾಯಿಪಾಠವಾಗಿದ್ದ ಕೀರ್ತನೆಯನ್ನು ಪುಸ್ತಕ ತೆರೆಯದೆ ಜಂಬದಿಂದ ಹಾಡುತ್ತಿದ್ದೆ. ‘ಕೈಬಿಡಬೇಡ ಕರ್ತನೇ’ ಎಂಬ ಸಾಲು ಮುಗಿಸಿ ನಾನು ಮುಂದಕ್ಕೆ ಹೋದರೆ, ಸಭೆಯೆಲ್ಲ ಅದೇ ಸಾಲನ್ನು ಮತ್ತೆ ಹಾಡಿತು. ನಾಚಿ ಬಾಯಿ ಮುಚ್ಚಿದೆ.

ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯ ಹೆಂಗಸನ್ನು, “ಪುಸ್ತಕದಲ್ಲಿ ಒಂದೇ ಸಲ ಇದೆಯಲ್ಲ?” ಎಂದು ಕೇಳಿದೆ.

“ಖರೇರಿ. ನಮ್ಮಪ್ಪನ್ನ ಮಣ್ಣು ಮಾಡೂ ದಿನ ಅವ್ವ ಆ ಸಾಲಿಗೆ ಬಂದು ಬಿಕ್ಕಿದ್ಲರಿ. ಮುಂದ ಹೋಗಾಕ ಆಗ್ಲಿಲ್ಲ, ಮತ್ತ ಅದನ್ನಽ ಹಾಡಿದ್ಲು. ಆಕಿ ಒಬ್ಬಾಕೀನಽ ಹಾಡಬಾರ್ದಂತ ಎಲ್ಲಾರೂ ಆ ಸಾಲಿಗೆ ಹಿಂದ ಬಂದ್ರು. ಅವತ್ತಿನಿಂದ ಹಿಂಗಽ ಹಾಡ್ತೇವ್ರಿ.”

ಹುಬ್ಬಳ್ಳಿ ಬಸ್ಸಿನಲ್ಲಿ ಅದನ್ನೇ ಗುನುಗುತ್ತ ಕೂತೆ. ಆ ಸಾಲು ಮುಗಿಯಿತು. ಆ ಹೆಂಗಸಿನ ಅವ್ವನನ್ನು ಒಂಟಿಯಾಗಿ ಬಿಟ್ಟು ಮುಂದಕ್ಕೆ ಹೋಗಲು ನನ್ನಿಂದಾಗಲಿಲ್ಲ.