ಕ್ಲಬ್ಬಿನ ಗೇಟಿಗೆ ಅಂಟಿಸಿದ ನೋಟಿಸು

ಭೂಬಳಕೆ ಮಂಡಳಿಯ ಕಚೇರಿಯಲ್ಲಿ ಎಲ್ಲರೂ ಅವನನ್ನು ಗೋಂದಣ್ಣ ಎಂದೇ ಕರೆಯುತ್ತಿದ್ದರು. ಎಲ್ಲಿ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಆಟದ ಬಯಲು ಎಂದು ತೀರ್ಮಾನಿಸುವುದು ಮಂಡಳಿಯ ಕೆಲಸ. ಅದಕ್ಕೆ ಮೊದಲು, ತಕರಾರಿದ್ದವರು ಮೂವತ್ತು ದಿನದೊಳಗೆ ಬರೆದುಕೊಡಿ ಎಂಬ ನೋಟಿಸನ್ನು ಅಂಟಿಸಿ ಬರುವುದು ಗೋಂದಣ್ಣನ ಕೆಲಸ. ಇಪ್ಪತ್ತೇಳು ವರ್ಷ ಅದೊಂದನ್ನೇ ಮಾಡಿದ. ಅಂಗಡಿಯ ಗೋಂದಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಮೈದಾ ಹಿಟ್ಟನ್ನು ತಾನೇ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ತಗಡಿನ ಡಬ್ಬಿಯಲ್ಲಿ ಒಯ್ಯುತ್ತಿದ್ದ. ಅವನು ಅಂಟಿಸಿದ ಕಾಗದ ಕಿತ್ತರೆ ಗೋಡೆಯ ಸುಣ್ಣವೂ ಜೊತೆಗೇ ಬರುತ್ತಿತ್ತು. ಆದರೆ ಕಾಗದದಲ್ಲಿ ಏನಿದೆ ಎಂದು ಮಾತ್ರ ಓದುತ್ತಿರಲಿಲ್ಲ.

"ಪೋಸ್ಟಿನವನು ಕಂಡವರ ಕಾಗದ ಓದ್ತಾನಾ?" ಎನ್ನುತ್ತಿದ್ದ. ಅದನ್ನೊಂದು ದೊಡ್ಡಸ್ತಿಕೆ ಅಂದುಕೊಂಡಿದ್ದ, ಪುಣ್ಯಾತ್ಮ.

ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದವಳು ಒಬ್ಬಳೇ ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದವಳು. ಗಾಲ್ಫ್ ಕ್ಲಬ್ಬಿನ ಬೇಲಿಯ ಹಿಂದೆ ಏಳು ಮನೆಗಳ ಒಂದು ಸಾಲು. ಅದರ ಕೊನೆಯ ಮನೆ ಅವಳದು. ಹಗಲೆಲ್ಲ ನಿಂತು ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬೇಲಿ ಹಾರಿ ಬಂದ ಚೆಂಡುಗಳನ್ನು ಮೊಟ್ಟೆ ಹೆಕ್ಕುವ ಹಾಗೆ ಸೆರಗಿಗೆ ಹಾಕಿಕೊಂಡು ಕಾವಲಿನವನಿಗೆ ಹಿಂತಿರುಗಿಸುತ್ತಿದ್ದಳು. "ದೊಡ್ಡೋರಿಗೆ ಗುರಿ ಅನ್ನೋದೇ ಇಲ್ಲ ಕಣೋ," ಎಂದು ನಗುತ್ತಿದ್ದಳು. ಗೋಂದಣ್ಣನ ಭಾನುವಾರದ ಊಟ ಅಲ್ಲೇ.

ಆ ವರ್ಷ ಕ್ಲಬ್ಬಿನವರಿಗೆ ಇದ್ದ ಬಯಲು ಸಾಲದಾಯಿತು. ಇನ್ನೂ ಒಂಬತ್ತು ಕುಳಿಗಳ ಆಟಕ್ಕೆ ಸರ್ವೆ ನಂಬರ್ ನಲವತ್ತೊಂದನ್ನು ಸೇರಿಸಿಕೊಡಿ ಎಂದು ಅರ್ಜಿ ಹಾಕಿದರು. ನೋಟಿಸು ತಯಾರಾಯಿತು. ಅರ್ಜಿದಾರರ ಮುಖ್ಯ ಗೇಟಿಗೆ ಅಂಟಿಸಬೇಕೆಂಬುದು ನಿಯಮ. ಗೋಂದಣ್ಣ ಹೋಗಿ ಕ್ಲಬ್ಬಿನ ಕಲ್ಲಿನ ಕಂಬಕ್ಕೆ ನಾಲ್ಕು ಮೂಲೆಯನ್ನೂ ಒತ್ತಿ ಒತ್ತಿ ಅಂಟಿಸಿ ಬಂದ. ಹಿಂದಿನ ಸಾಲಿನವರು ಆ ಕಡೆ ತಲೆ ಹಾಕುವವರಲ್ಲ. ಅವರ ಕಾಲುದಾರಿ ಹಿಂದಿನಿಂದಲೇ ಪೇಟೆಗೆ ಇಳಿಯುತ್ತಿತ್ತು. ಆ ಕಂಬದ ಮುಂದೆ ಹಾದುಹೋದವರೆಲ್ಲ ಕಾರಿನ ಗಾಜು ಏರಿಸಿಕೊಂಡವರು.

ಆ ಮೂವತ್ತು ದಿನಗಳಲ್ಲಿ ನಾಲ್ಕು ಭಾನುವಾರ ಬಂದವು. ಅಕ್ಕ ಆಗಷ್ಟೇ ನೆಲಕ್ಕೆ ಹೊಸ ಸಿಮೆಂಟು ಹಾಕಿಸಬೇಕೆಂದು ಹಟ ಹಿಡಿದಿದ್ದಳು. ಎರಡು ಭಾನುವಾರ ಗೋಂದಣ್ಣನೇ ಪ್ಯಾಂಟು ಮಡಚಿಕೊಂಡು ಸಿಮೆಂಟು ಕಲಸಿದ. ಮೂರನೆಯದಕ್ಕೆ ಇಬ್ಬರೂ ಬಾಗಿಲಲ್ಲೇ ಕೂತು, ಒಣಗುವ ನೆಲವನ್ನು ನೋಡುತ್ತ ಉಂಡರು.

ಮೂವತ್ತನಾಲ್ಕನೆಯ ದಿನ ಅಳತೆಯವರು ಬಂದು ಅಕ್ಕನ ಬಾಗಿಲೆದುರು ಗೂಟ ಹೊಡೆದರು. ಅವಳು ಇಸ್ತ್ರಿ ಅಲ್ಲೇ ಬಿಟ್ಟು ಕಚೇರಿಗೆ ಓಡಿ ಬಂದಳು. "ಇದೇನೋ ತಮ್ಮಾ? ನಮ್ಮನೆ ಮುಂದೆ ಗೂಟ ಯಾಕೆ?"

ಗೋಂದಣ್ಣ ಕಡತ ತೆಗೆಸಿ ಮೊಟ್ಟಮೊದಲ ಬಾರಿಗೆ ಓದಿದ. ಬಾಯಲ್ಲಿ ಎಲ್ಲರೂ ಹಿಂದಿನ ಸಾಲು ಎನ್ನುತ್ತಿದ್ದುದು ಕಾಗದದಲ್ಲಿ ಸರ್ವೆ ನಂಬರ್ ನಲವತ್ತೊಂದು.

ಸಭೆಯ ದಿನ ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ್ದರು. ಏಳು ಮನೆಗಳ ಮೇಲೆ ಆಗಲೇ ಹಸಿರು ಬಣ್ಣ ಬಳಿದಾಗಿತ್ತು. ಅಕ್ಕ ನೆರೆಯವರ ಜೊತೆ ಕೊನೆಯ ಬೆಂಚಿನ ಮೇಲೆ ಕೂತಿದ್ದಳು. ಅಧ್ಯಕ್ಷೆ ಕೆಟ್ಟ ಹೆಂಗಸಲ್ಲ. ಕನ್ನಡಕ ಒರೆಸಿಕೊಂಡು, "ತಕರಾರು ಬಂದಿದೆಯಾ?" ಎಂದು ಕೇಳಿದರು.

"ಅವಧಿಯೊಳಗೆ ಒಂದೂ ಬಂದಿಲ್ಲ," ಎಂದ ಗುಮಾಸ್ತ.

ಗೋಂದಣ್ಣ ಎದ್ದು ನಿಂತ. "ತಪ್ಪು ನಂದು, ಮೇಡಂ. ನೋಡಬೇಕಾದವರು ನೋಡದೇ ಇರೋ ಕಡೆ ಅಂಟಿಸಿಬಿಟ್ಟೆ. ಹಾಗಂತಲೇ ಬರ್ಕೊಳ್ಳಿ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ. ಇವರಿಗೆ ಇನ್ನೊಂದ್ಸಲ ಮೂವತ್ತು ದಿನ ಕೊಡಿ."

ಅಧ್ಯಕ್ಷೆ ನಿಯಮದ ಪುಸ್ತಕ ತಿರುವಿದರು. "ಮುಖ್ಯ ಗೇಟಿಗೆ ಅಂತಲೇ ಇದೆಯಲ್ಲಪ್ಪ. ನೀವು ಮಾಡಿದ್ದು ಸರಿಯಾಗಿದೆ."

"ಸರಿಯಿಲ್ಲ, ಮೇಡಂ. ಒಂದೇ ಒಂದು ತಪ್ಪು ಅಂತ ಬರೀರಿ, ಸಾಕು."

"ಇಲ್ಲದ ತಪ್ಪನ್ನ ಹೇಗೆ ಬರೆಯೋದು? ಕೂತ್ಕೊಳ್ಳಿ."

ಆಯುಷ್ಯವೆಲ್ಲ ತನ್ನ ಕೆಲಸದಲ್ಲಿ ಕುಂದು ಹುಡುಕಿ ನೋಡಿ ಎಂದು ಎದೆ ಸೆಟೆಸಿದ್ದವನು ಅವತ್ತು ಒಂದು ಕುಂದಿಗಾಗಿ ಅಂಗಲಾಚಿದ. ಅದೂ ದಕ್ಕಲಿಲ್ಲ. ಮಂಡಳಿಯ ಏಳು ಸದಸ್ಯರಲ್ಲಿ ಐವರು ಕ್ಲಬ್ಬಿನ ಪರ ಕೈ ಎತ್ತಿದರು. ಚಹಾ ತಣ್ಣಗಾಗುವ ಮೊದಲೇ ಮುಗಿದುಹೋಯಿತು. ಇಂಥ ಕೆಲಸಗಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮುಂದಿನ ತಿಂಗಳು ಮನೆ ತೆರವು ಮಾಡುವ ಆದೇಶ ಬಂತು. ಅದರ ನಿಯಮವೇ ಬೇರೆ: ಪ್ರತಿ ಮನೆಯ ಬಾಗಿಲಿಗೂ ಅಂಟಿಸತಕ್ಕದ್ದು. ಮನೆಯವರಿಗೆ ಗೊತ್ತಾಗಲೇಬೇಕು ಎಂದು ಆಗ ನೆನಪಾಗುತ್ತದೆ, ನೋಡಿ. "ನೀನು ಬೇಡ ಬಿಡು, ನಾನು ಹೋಗ್ತೀನಿ," ಎಂದ ಗುಮಾಸ್ತ. ಗೋಂದಣ್ಣ ಒಪ್ಪಲಿಲ್ಲ. ಬೇರೆಯವನು ಅಂಟಿಸಿ ಬಂದರೆ ಅಕ್ಕನಿಗೆ ಓದಿ ಹೇಳುವವರು ಯಾರು? ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಆರು ಮನೆಗಳ ಬಾಗಿಲಲ್ಲೂ ನಿಂತು ಗಟ್ಟಿಯಾಗಿ ಓದಿ ಹೇಳಿ ಅಂಟಿಸಿದ. ಒಬ್ಬಾಕೆ ಬೈದಳು. ಒಬ್ಬ ಮುದುಕ ಕುಡಿಯಲು ನೀರು ಕೊಟ್ಟ. ಏಳನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಇಸ್ತ್ರಿ ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಓದೋ," ಎಂದಳು.

ಗೋಂದಣ್ಣ ಓದಿದ. ಸರ್ವೆ ನಂಬರ್, ತಾರೀಕು, ಹದಿನೈದು ದಿನ, ತಪ್ಪಿದಲ್ಲಿ ಮುಂದಿನ ಕ್ರಮ. ಎರಡು ಕಡೆ ನಿಲ್ಲಿಸಿ ಅದೇ ಸಾಲನ್ನು ಮತ್ತೆ ಓದಿದ. ಅವಳು ಅವಸರ ಮಾಡಲಿಲ್ಲ. ಕೊನೆಯ ರುಜುವಿನವರೆಗೂ ಕೇಳಿಸಿಕೊಂಡಳು.

"ಅವತ್ತಿನ ಕಾಗದಾನೂ ಹೀಗೇ ಒಂದ್ಸಲ ಓದಿದ್ರೆ ಆಗ್ತಿತ್ತಲ್ಲೋ, ತಮ್ಮಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಾಗಿಲು ಮುಚ್ಚದೆ ಅಂಟಿಸಲು ಬರುತ್ತಿರಲಿಲ್ಲ. ಅಕ್ಕ ಒಳಗೆ ಹೋಗಿ ತಾನೇ ಬಾಗಿಲು ಎಳೆದುಕೊಂಡು, ಅಲುಗಾಡದ ಹಾಗೆ ಒಳಗಿನಿಂದ ಒತ್ತಿ ಹಿಡಿದು ನಿಂತಳು.