ಮಗ್ಗ ನಿಂತರೆ ಮೈದಾನ ತುಂಬುವ ಊರು

ಬಂದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಇಡೀ ದೊಡ್ಡಬಳ್ಳಾಪುರ ಉಸಿರು ಕಟ್ಟಿದ ಹಾಗೆ ನಿಂತುಬಿಟ್ಟಿತು. ಬೆಳಗಿನಿಂದ ನನ್ನ ಬಾಡಿಗೆ ಕೋಣೆಯ ನೆಲವನ್ನು, ಲೋಟದ ನೀರನ್ನು, ನನ್ನ ಹಲ್ಲುಗಳನ್ನು ಅದುರಿಸುತ್ತಿದ್ದ ವಿದ್ಯುತ್ ಮಗ್ಗಗಳೆಲ್ಲ ಒಂದೇ ಏಟಿಗೆ ಸುಮ್ಮನಾದವು. ಕಿಟಕಿಯಿಂದ ಇಣುಕಿದರೆ ಜನ ಒಂದೇ ದಿಕ್ಕಿಗೆ ಅವಸರದಿಂದ ನಡೆಯುತ್ತಿದ್ದರು. ಭೂಕಂಪವೇ ಇರಬೇಕೆಂದು ಗ್ಯಾಸ್ ಮುಚ್ಚಿ, ಆಧಾರ್ ಕಾರ್ಡು ಜೇಬಿಗಿಟ್ಟುಕೊಂಡು ಕೆಳಗಿಳಿದೆ.

"ಏನಾತ್ರೀ?"

"ಕರೆಂಟ್ ಹೋಯ್ತು ಸಾರ್," ಅಂದರು ಮನೆ ಮಾಲೀಕ ಮುನಿರಾಜಪ್ಪ. "ಬ್ಯಾಸ್ಕೆಟ್‌ಬಾಲ್ ನೋಡೋಕೆ ಹೋಗ್ತಾವ್ರೆ. ಕಾರ್ಡ್ಯಾಕೆ, ಅಲ್ಲಿ ಟಿಕೆಟ್ ಏನಿಲ್ಲ, ಬನ್ನಿ."

ಧಾರವಾಡದ ಗೆಳೆಯರೇ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ವರ್ಗವಾದಾಗ ನಾನು ಊಟ, ನೀರು, ಹಾವು ಎಲ್ಲದರ ಬಗ್ಗೆ ಚಿಂತಿಸಿದ್ದೆ. ತಯಾರಾದ ಮಾಲಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಯಾರಾಗದ ಅನಾಹುತ ಹುಡುಕುವುದು ನನ್ನ ಚಟ. ಆದರೆ ಇಲ್ಲಿ ಬ್ಯಾಸ್ಕೆಟ್‌ಬಾಲ್ ಇದ್ದೀತು ಎಂದು ಮಾತ್ರ ಊಹಿಸಿರಲಿಲ್ಲ. ನಮ್ಮಲ್ಲಿ ಆಟಕ್ಕೆ ಹೊತ್ತು ಗೊತ್ತು ಇರುತ್ತದೆ, ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದ ಕಾಲದಿಂದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಒಂದು ಪಂದ್ಯವನ್ನೂ ನಾನು ಬಿಟ್ಟವನಲ್ಲ. ಇಲ್ಲಿ ಪಂದ್ಯಕ್ಕೆ ಜನ ಬರುವುದು ಕರೆಂಟು ಹೋದಾಗ. ಕರೆಂಟು ಬಂತೋ, ಮಗ್ಗ ಕರೆಯುತ್ತದೆ, ಮೈದಾನ ಖಾಲಿ.

ಮುನಿರಾಜಪ್ಪನವರ ತಮ್ಮ ನಂದೀಶ ಈ ಊರಿನ ತಂಡದ ನಾಯಕ. ನನ್ನ ಕೋಣೆಯ ಕೆಳಗೆ ರೇಷ್ಮೆ ಸೀರೆ ನೇಯುವ ಅವನೇ ನನ್ನ ಒಂಟಿತನದ ಮದ್ದು. ದಿನಾ ಸಂಜೆ ಅವನು ಅಭ್ಯಾಸ ಮಾಡುವಾಗ ನಾನು ಕಟ್ಟೆಯ ಮೇಲೆ ಕೂತು ತಪ್ಪು ಹೇಳುತ್ತಿದ್ದೆ. "ಮೊಣಕೈ ಹೊರಗ ಹೊಂಟೈತಿ!" ಎಂದರೆ, "ನೀವ್ ಒಳಗ್ ಬಂದು ಹಾಕಿ ತೋರ್ಸಿ ಗುರುಗಳೇ" ಎನ್ನುತ್ತಿದ್ದ. ನಾನು ಒಮ್ಮೆ ತೋರಿಸಿದೆ. ಚೆಂಡು ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿತ್ತು.

ದಸರೆ ಕಳೆದ ಮೇಲೆ ಆಟದ ಅಂಗಳದ ನಾಲ್ಕು ಮೂಲೆಗೂ ತಲೆಗೆ ಕೆಂಪು ಬಣ್ಣ ಬಳಿದ ಗಡಿಕಲ್ಲುಗಳು ಬಂದವು. ಜಾಗದ ಯಜಮಾನರಿಗೆ ಅಲ್ಲಿ ಕಲ್ಯಾಣ ಮಂಟಪ ಕಟ್ಟುವ ಮನಸ್ಸು. ಹುಡುಗರು ಹೋಗಿ ಕೇಳಿಕೊಂಡಾಗ "ಈ ಸಲ ಕಪ್ ಹೊಡೀರಿ, ಅಂಗಳ ಬಿಟ್ಬಿಡ್ತೀನಿ" ಎಂದರಂತೆ. ಅಂದಿನಿಂದ ನನಗೆ ಆ ಕಲ್ಲುಗಳು ರಾತ್ರಿ ಒಂದೊಂದು ಹೆಜ್ಜೆ ಒಳಗೆ ಸರಿಯುತ್ತಿವೆ ಎನ್ನಿಸತೊಡಗಿತು. ಅಳೆದೂ ನೋಡಿದೆ. ಇರಲಿ, ನನ್ನ ವಿಷಯ ನಿಮಗೆ ಗೊತ್ತಲ್ಲ.

ಊರ ಟೂರ್ನಿಯ ಫೈನಲ್ಲಿಗೆ ಎದುರಾಳಿಯಾಗಿ ಬಂದದ್ದು ಯಾರು ಹೇಳಿ? ನಮ್ಮ ಧಾರವಾಡದವರೇ.

ಆ ಭಾನುವಾರ ಮುನಿರಾಜಪ್ಪ ಬೆಳಿಗ್ಗೆಯೇ ಕೈ ಮುಗಿದು ಕರೆಂಟು ಹೋಗಲೆಂದು ಬೇಡಿಕೊಂಡರು, ಹೋಯಿತು ಕೂಡ. ಮಹಡಿಗಳ ಮೇಲೆಲ್ಲ ಜನ. ಕೊನೆಯ ಗಳಿಗೆಯಲ್ಲಿ ನಮ್ಮವರು (ಯಾವ ನಮ್ಮವರೋ ಎಂದು ನಿಂತು ಯೋಚಿಸಲು ಸಮಯವಿರಲಿಲ್ಲ) ಒಂದು ಅಂಕ ಹಿಂದಿದ್ದರು. ನಂದೀಶನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಕಪ್.

ಅವನು ಚೆಂಡು ಕೈಗೆತ್ತಿಕೊಂಡಾಗ ಮೂಲೆಯ ಅಂಗಡಿಯ ಬಲ್ಬು ಹೊತ್ತಿಕೊಂಡಿತು.

ಮೊದಲು ಒಂದು ಮಗ್ಗ. ಆಮೇಲೆ ಬೀದಿಗೆ ಬೀದಿಯೇ. ಜನ ತಲೆ ತಗ್ಗಿಸಿ, ನೆಂಟರ ಮನೆಯಿಂದ ಹೇಳದೆ ಎದ್ದವರ ಹಾಗೆ ಹೊರಟರು. ಮುನಿರಾಜಪ್ಪ ಅರ್ಧ ಎದ್ದರು, ನನ್ನ ಮುಖ ನೋಡಿದರು, ಪಂಚೆ ಸರಿಮಾಡಿಕೊಂಡು ಕೂತುಬಿಟ್ಟರು. ಮೊದಲ ಚೆಂಡು ಕಬ್ಬಿಣದ ಬಳೆಗೆ ಬಡಿದು ಹೊರಬಿತ್ತು. ಎರಡನೆಯದು ಬಳೆಯ ಮೇಲೆ ಸುತ್ತಿತು, ಸುತ್ತಿತು, ನನ್ನ ಪ್ರಾಣವನ್ನೂ ಜೊತೆಗೆ ಸುತ್ತಿಸಿ ಕೆಂಪು ಕಲ್ಲಿನ ಪಕ್ಕ ಉರುಳಿತು.

ಹುಟ್ಟಿದಾಗಿನಿಂದ ನನ್ನದಾಗಿದ್ದ ತಂಡ ಕಪ್ ಎತ್ತಿ ಕುಣಿಯುತ್ತಿತ್ತು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ನಂದೀಶ ನೇರ ನನ್ನ ಹತ್ತಿರ ಬಂದ.

"ನಿಮ್ಮೂರೋರು ಚೆನ್ನಾಗ್ ಆಡುದ್ರು ಸಾರ್. ನೀವ್ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತಲ್ಲ, ಅತ್ತಿಗೆ ಅಂದ್ರು. ಮನೆಗ್ ನಡೀರಿ."

ಸೋತವನೊಬ್ಬ ನೋಡುಗನ ಊಟ ವಿಚಾರಿಸಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಮಗ್ಗ ಕರೆಯುತ್ತಿದ್ದರೂ ಕದಲದೆ ಆಡಿದ ಆ ಐವರಿಗೆ, ಕೂತುಬಿಟ್ಟ ಮುನಿರಾಜಪ್ಪನವರಿಗೆ ನಾನು ಋಣಿ. ಬಾಯಿಬಿಟ್ಟು ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೆದ್ದ ತಂಡಕ್ಕೆ ಮರುದಿನ ಸೋತ ನಾಯಕನ ಮನೆಯಲ್ಲಿ ಊಟ ಹಾಕಿ ಕಳಿಸುವುದು ಇಲ್ಲಿನ ಹುಡುಗರು ಇಟ್ಟುಕೊಂಡ ಪದ್ಧತಿ. ಹಜಾರದಲ್ಲಿ ಧಾರವಾಡದವರು ಸಾಲಾಗಿ ಕೂತಿದ್ದರು. ಮುನಿರಾಜಪ್ಪ ಬಾಗಿಲಲ್ಲೇ ನನ್ನನ್ನು ತಡೆದರು.

"ಸಾರ್, ನೀವು ಕೂತ್ಕೊತೀರೋ, ಬಡಿಸ್ತೀರೋ?"

ನಾನು ಸೌಟಿಗೆ ಕೈ ಚಾಚಿದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಬಸ್ಸಾರು. ರೊಟ್ಟಿ ಉಂಡು ಬೆಳೆದ ನಾಲಿಗೆಗೆ ಇದು ಹತ್ತಲು ಎಷ್ಟೋ ತಿಂಗಳು ಬೇಕಾದವು. ಅದನ್ನೇ ಈಗ ನಾನು ಹುಡುಗರ ಎಲೆಗೆ ಹೊಯ್ಯುತ್ತ, ಮುದ್ದೆ ಮುರಿಯುವುದು ಹೇಗೆಂದು ಹೇಳಿಕೊಡುತ್ತಿದ್ದೆ.

"ಕಾಕಾ, ನೀವು ನಮ್ಮೂರವ್ರಂತಲ್ರಿ?" ಒಬ್ಬ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಬರ್ರಿ, ನಮ್ ಜೋಡಿ ಕುಂದರ್ರಿ."

ಆಗ ಕರೆಂಟು ಹೋಯಿತು. ಮಗ್ಗಗಳು ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ಮೈದಾನದ ಕಡೆಯಿಂದ, ಮಂಟಪದ ಪಾಯಕ್ಕೆಂದು ಹಾರೆ ಆಟದ ಅಂಗಳದ ಸಿಮೆಂಟಿಗೆ ಬೀಳುವ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೊಂದು.

ಉಪ್ಪು ಬಡಿಸುತ್ತಿದ್ದ ನಂದೀಶ ತಲೆ ಎತ್ತಲಿಲ್ಲ. ಬೀದಿಯಲ್ಲಿ ಈ ಸಲ ಯಾರ ಚಪ್ಪಲಿ ಸದ್ದೂ ಇರಲಿಲ್ಲ. ಸೌಟು ಹಿಡಿದುಕೊಂಡು ನಾನು ಎಲೆಗಳ ಸಾಲಿಗೂ ಬಾಗಿಲಿಗೂ ನಡುವೆ ನಿಂತೇ ಇದ್ದೆ.