ನೂರ ನಲವತ್ತೆರಡು ಡಿಗ್ರಿ

ಭಾನುವಾರ ಬೆಳಗ್ಗೆ ಹೆಬ್ಬಾಳದ ಟೀ ಅಂಗಡಿ ಮುಂದೆ ಸ್ಪೋರ್ಟ್ಸ್ ಕಾರಿನವರು ಸೇರಿದರೆ ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಮುನಿಶಾಮಣ್ಣ ಆಟೋದಲ್ಲಿ ಬಂದಿಳಿಯುತ್ತಾರೆ. ಯಾರ ಬಾನೆಟ್ ತೆರೆದರೂ ಮೊದಲು ಇವರ ತಲೆಯೇ ಒಳಗೆ. ಲೋಕದಲ್ಲಿ ಬಿಸಿ ಎಂದರೆ ಇವರಿಗೆ ಎಂಜಿನ್ ಆಯಿಲಿನದು ಮಾತ್ರ. ಕೈಲಿರುವ ಟೀ ಆರಿದ್ದೂ ಗೊತ್ತಾಗದು. "ಜಾಮಲ್ಲಿ ನಿಂತ್ರೆ ಆಯಿಲ್ ಕಾಯುತ್ತೆ, ಕಂಪನಿ ಏನ್ ಮಾಡುತ್ತೆ ಅಣ್ಣಾ?" ಎಂದು ಯಾರಾದರೂ ಅಂದರೆ ಮುಗಿಯಿತು. "ಎಲ್ಲಾ ಕಂಪನಿಯೋರ್ದೇ ತಪ್ಪು ಕಣ್ರೀ!" ಎನ್ನುತ್ತ, ಕೆಂಪು ಗೆರೆ ದಾಟಿ ನೂರ ನಲವತ್ತೆರಡು ಡಿಗ್ರಿ ತೋರಿಸುವ ಆಯಿಲ್ ಮೀಟರಿನ ಫೋಟೋವನ್ನು ಫೋನಿನಲ್ಲಿ ಮುಖಕ್ಕೇ ಹಿಡಿಯುತ್ತಾರೆ. ಮುನಿಶಾಮಣ್ಣನವರ ಕಾರು ಓಡಿಸುವಾಗ ಅದಕ್ಕೆ ಬೆಂಕಿ ಹತ್ತಿ ತೀರಿಕೊಂಡ ಮಗಳು ಸಂಯುಕ್ತಾ ಅಂದು ದಾರಿಯಿಂದ ಕಳಿಸಿದ್ದ ಫೋಟೋ ಅದು. ಫೋಟೋದ ಕೆಳಗಿನದನ್ನು ಅವರ ಹೆಬ್ಬೆರಳು ಸದಾ ಮುಚ್ಚಿರುತ್ತದೆ. ಮೊನ್ನೆ ಬೆರಳು ಜಾರಿತು. "ಅಪ್ಪಾ, ಗಾಡಿ ನಿಲ್ಲಿಸ್ಲಾ?" ಅದರ ಕೆಳಗೆ ಅವರದೇ ಉತ್ತರ: "ಏನೂ ಆಗಲ್ಲ ಕಣಮ್ಮ, ಓಡಿಸ್ಕೊಂಡ್ ಬಾ."